ಸೌರಕೋಶದಲ್ಲಿ ವಿದ್ಯುದ್ವಾರದ ಸ್ಥಾನ

ಸಾವಯವ ಸೌರಕೋಶದಲ್ಲಿ ಬೆಳಕನ್ನು ಹೀರಿ ವಿದ್ಯುತ್ತನ್ನು ಹುಟ್ಟಿಸುವುದು ನಡುವಣ ಪದರವೇ ಆದುದರಿಂದ, ಅದರ ಇಕ್ಕೆಲದ ವಿದ್ಯುದ್ವಾರಗಳು ಬರಿಯ ತಂತಿಗೆ ಸಮಾನವೆಂದೂ ಅವುಗಳ ವಿಚಾರ ಕುಶಲಕರ್ಮಿಗೆ ಸೇರತಕ್ಕುದೇ ಹೊರತು ವಿಜ್ಞಾನಿಗಲ್ಲವೆಂದೂ ಹೇಳುವವರುಂಟು. ಈ ಮಾತನ್ನು ನಾನು ಒಪ್ಪಲಾರೆ.

ಪ್ರತಿಪಕ್ಷಕ್ಕೆ ಬಲವಿಲ್ಲವೆಂದಲ್ಲ. 1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಎರಡು ಪದರಗಳ ಕೋಶವನ್ನು ಪ್ರಕಟಿಸಿದಾಗ ಶೇಕಡ 1ರ ಆಸುಪಾಸಿನಲ್ಲಿದ್ದ ದಕ್ಷತೆಯು, 2019ರಲ್ಲಿ ವೈ6 ಎಂಬ ಅಣು ಬಂದೊಡನೆ 15ನ್ನು ದಾಟಿ, ಈಚೆಗೆ 19ನ್ನೂ ಮೀರಿದೆ. ಮುಂಭಾಗದ ವಿದ್ಯುದ್ವಾರವಾದರೋ ಬಹುಮಟ್ಟಿಗೆ ಅದೇ ಇಂಡಿಯಂ-ತವರದ ಆಕ್ಸೈಡು. ಏರಿಕೆಯ ಕೀರ್ತಿ ಅಣುವಿಗೇ ಸಲ್ಲಬೇಕಲ್ಲವೆ? ಸಲ್ಲಲಿ, ಆದರೆ ಆ ದಾಖಲೆಗಳಲ್ಲಿ ಹೆಚ್ಚಿನವು ಕೆಲವೇ ಚದರ ಮಿಲಿಮೀಟರುಗಳ ಕೋಶಗಳಲ್ಲಿ ಅಳೆದವು, ಅಷ್ಟು ಕಿರಿದಾದ ಹರವಿನಲ್ಲಿ ವಿದ್ಯುದ್ವಾರದ ದೋಷವು ತಲೆಯೆತ್ತುವುದಕ್ಕೆ ಎಡೆಯೇ ಇಲ್ಲ. ಕೋಶ ಅಗಲವಾದಂತೆ ಪ್ರವಾಹವು ಆಕ್ಸೈಡಿನ ತೆಳುಪದರದಲ್ಲಿ ಅಡ್ಡಲಾಗಿ ಹೆಚ್ಚು ದೂರ ಹರಿಯಬೇಕಾಗುತ್ತದೆ; ಅಗಲ ಇಮ್ಮಡಿಸಿದರೆ ರೋಧದಲ್ಲಿ ವ್ಯಯವಾಗುವ ಅಂಶ ನಾಲ್ಮಡಿಸುತ್ತದೆ. ಆಕ್ಸೈಡನ್ನು ದಪ್ಪಗೆ ಬಳಿದರಾಯಿತೆನ್ನುವವರು ಬೆಳಕೂ ಅದರ ಮೂಲಕವೇ ಒಳಬರಬೇಕೆಂಬುದನ್ನು ಮರೆತಿದ್ದಾರೆ.

ಹಿಂಬದಿಯ ವಿದ್ಯುದ್ವಾರವಾದ ಲೋಹವೂ ಬರಿಯ ತಂತಿಯಲ್ಲ; ಅದು ಹೀರಿಕೆಗೆ ಸಿಕ್ಕದ ಬೆಳಕನ್ನು ಪ್ರತಿಫಲಿಸಿ ಪದರದೊಳಕ್ಕೆ ಮರಳಿಸುತ್ತದೆ. ಅದು ಕ್ಯಾಲ್ಸಿಯಮ್ಮಾದರೆ ಗಾಳಿ ತಾಕಿ ಕೆಟ್ಟು, ಕೋಶದ ಆಯುಸ್ಸನ್ನೇ ಕುಗ್ಗಿಸುತ್ತದೆ. ಧ್ರುವಗಳನ್ನು ತಿರುವುಮುರುವು ಮಾಡಿ ಬೆಳ್ಳಿಯನ್ನು ಮೇಲಿರಿಸುವ ರಚನೆ ರೂಢಿಗೆ ಬಂದುದು ಇದರಿಂದಲೇ.

ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚೊತ್ತಿ ಸುರುಳಿ ಸುತ್ತಬಹುದೆಂಬುದು ಈ ಕೋಶದ ಹೆಗ್ಗಳಿಕೆ. ಬಾಗಿಸಿದರೆ ಬಿರಿಯುವುದಾದರೋ ಪೆಡಸಾದ ಆ ಆಕ್ಸೈಡು. ವಿಚಿತ್ರವೆಂದರೆ, ಬಿರುಕನ್ನೇ ಉಪಾಯವಾಗಿ ಮಾಡಿಕೊಂಡವರೂ ಇದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರ ತಂಡವು, ಹರಡಿದ ಲೇಪವೊಂದು ಒಣಗಿ, ಬತ್ತಿದ ಕೆರೆಯಂಗಳದಂತೆ ಬಿರುಕುಬಿಟ್ಟಾಗ, ಅದರ ಮೇಲೆ ಲೋಹವನ್ನು ಕೂರಿಸಿ ಅನಂತರ ಲೇಪವನ್ನು ತೊಳೆದುಹಾಕಿತು. ಬಿರುಕಿನೊಳಗಿಳಿದ ಲೋಹ ಮಾತ್ರ ಉಳಿದು, ಎಲ್ಲಿಯೂ ಕಡಿಯದೆ ಹೆಣೆದುಕೊಂಡ ಸೂಕ್ಷ್ಮಜಾಲವಾಯಿತು; ಎಳೆಗಳಲ್ಲಿ ವಿದ್ಯುತ್ತು ಹರಿಯುತ್ತದೆ, ಕಣ್ಣಿಗಳಲ್ಲಿ ಬೆಳಕು ಇಳಿಯುತ್ತದೆ, ವಿರಳವಾದ ಇಂಡಿಯಮ್ಮಿನ ಹಂಗಿಲ್ಲ. ಸುಮಾರು 100 ನ್ಯಾನೊಮೀಟರ್ ದಪ್ಪದ ನಡುವಣ ಪದರವನ್ನು ಚಾಚಿದ ಎಳೆಯೊಂದು ತಿವಿದು ಕೋಶವನ್ನೇ ನಿಷ್ಫಲಗೊಳಿಸೀತೆಂಬ ಭಯ ಇಂಥ ಜಾಲಗಳ ವಿಷಯದಲ್ಲಿ ಉಂಟೆಂಬುದು ನಿಜ. ಆದರೆ ಆ ಭಯವೇ ವಿದ್ಯುದ್ವಾರದ ರಚನೆಯು ಗಹನವಾದ ವಿಜ್ಞಾನವೆಂಬುದಕ್ಕೆ ಸಾಕ್ಷಿ. ಇದನ್ನು ಬರಿಯ ಕಸುಬೆಂದು ಕಡೆಗಣಿಸುವುದು ಪಾಂಡಿತ್ಯದ ಅಹಂಕಾರವಲ್ಲದೆ ಮತ್ತೇನು?

ದಕ್ಷತೆಯ ಅಂಕಿಯನ್ನು ಪ್ರಕಟಿಸುವವರು ಅದರ ಪಕ್ಕದಲ್ಲಿಯೇ ಕೋಶದ ವಿಸ್ತೀರ್ಣವನ್ನೂ ವಿದ್ಯುದ್ವಾರದ ಸ್ವರೂಪವನ್ನೂ ನಮೂದಿಸತಕ್ಕದ್ದು. ನಮೂದಿಸದಿದ್ದರೆ ಓದುಗರು ಕೇಳತಕ್ಕದ್ದು.