ಬರಹಕ್ಕೆ ಹೊಣೆಗಾರರು ಬೇಕು

ಕಂಪನಿಗಳಿಗೂ ಜಾಲತಾಣಗಳಿಗೂ ಬರೆದುಕೊಡುವ ಉದ್ಯಮ ಬಹುಕಾಲ ಪದಕ್ಕಿಷ್ಟು ಎಂಬ ದರದ ಮೇಲೆ ನಡೆಯಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಆ ಲೆಕ್ಕ ಬುಡಮೇಲಾಯಿತು. ಸಾವಿರ ಪದಗಳನ್ನು ಯಂತ್ರವೇ ನಿಮಿಷದಲ್ಲಿ ಬರೆದುಕೊಡುವಾಗ ಪದ ಎಣಿಸಿ ಹಣ ಕೊಡುವವರು ಕಡಿಮೆ. ಮನುಷ್ಯರನ್ನೇ ನೆಚ್ಚಿ ಈಗ ಈ ಉದ್ಯಮಕ್ಕೆ ಇಳಿಯುವವರು ಬರಹದ ಜೊತೆಗೆ ಅದರ ಹೊಣೆಯನ್ನೂ ಮಾರಬೇಕಾಗುತ್ತದೆ.

ಹೊಣೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸಿನೆಟ್ ಸುದ್ದಿತಾಣ ಸಾಕ್ಷಿ. ಅದು ಯಂತ್ರದಿಂದ ಬರೆಸಿದ 77 ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು 2023ರ ಜನವರಿಯಲ್ಲಿ ತಿದ್ದಬೇಕಾಯಿತು. 10,000 ಡಾಲರ್ ಠೇವಣಿಗೆ ಶೇ 3ರ ಬಡ್ಡಿಯಲ್ಲಿ ವರ್ಷಕ್ಕೆ 300 ಡಾಲರ್ ಬರಬೇಕಾದಲ್ಲಿ 10,300 ಡಾಲರ್ ಗಳಿಕೆ ಎಂದು ಅಚ್ಚಾಗಿತ್ತು. ಸಂಪಾದಕರು ಪರಿಶೀಲಿಸಿದ್ದಾರೆ ಎಂದೂ ತಾಣ ಹೇಳಿಕೊಂಡಿತ್ತು. ಯಂತ್ರದ ಕರಡಿನ ಮೇಲೆ ಕೊನೆಗೆ ಕಣ್ಣಾಡಿಸುವುದು ಪರಿಶೀಲನೆಯಲ್ಲ. ವಿಷಯ ಬಲ್ಲವರನ್ನು ಕೇಳುವುದು, ಮೂಲ ದಾಖಲೆ ನೋಡುವುದು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು ಬರೆಯುವ ಮೊದಲೇ ಆಗಬೇಕಾದ ಕೆಲಸ.

ಆದ್ದರಿಂದ ಮೊದಲು ಕ್ಷೇತ್ರವನ್ನು ಆರಿಸಿಕೊಳ್ಳಬೇಕು. ಸಾಲ, ವಿಮೆ, ಔಷಧ, ಕೃಷಿ ಮುಂತಾದ ಕಡೆ ಒಂದು ತಪ್ಪು ಸಾಲಿನಿಂದ ಓದುಗರಿಗೆ ನಷ್ಟವಾಗುತ್ತದೆ; ಅಲ್ಲಿ ಎಚ್ಚರಕ್ಕೆ ಬೆಲೆಯಿದೆ. ಕನ್ನಡದ ಕೆಲಸದಲ್ಲಿ ಇನ್ನೊಂದು ಅವಕಾಶವೂ ಉಂಟು. ರೈತರಿಗೆ ಕೊಡುವ ಸೂಚನೆ ಧಾರವಾಡದಲ್ಲೂ ಮಂಡ್ಯದಲ್ಲೂ ಒಂದೇ ಬಗೆಯಲ್ಲಿ ಅರ್ಥವಾಗುವುದೇ ಎಂದು ಅಲ್ಲಿಯವರಿಗೆ ಓದಿ ನೋಡಬಲ್ಲವರು ಮನುಷ್ಯರೇ.

ದರವನ್ನು ಕೆಲಸದ ಹಂತಗಳ ಮೇಲೆ ಕಟ್ಟುವುದು ಲೇಸು: ಸಂದರ್ಶನ, ಕರಡು, ಸಂಗತಿಗಳ ಪರಿಶೀಲನೆ, ತಿದ್ದುಪಡಿ. ತಿದ್ದುಪಡಿ ಎಷ್ಟು ಸಲ ಎಂಬುದು ಮೊದಲೇ ನಿಗದಿಯಾಗಿರಬೇಕು. ಎಐಯನ್ನು ಎಲ್ಲಿ ಬಳಸಲಾಗುತ್ತದೆ, ಗ್ರಾಹಕರ ಗೋಪ್ಯ ಕಾಗದಪತ್ರ ಅದಕ್ಕೆ ಹೋಗುವುದೇ ಎಂಬುದನ್ನೂ ಒಪ್ಪಂದದಲ್ಲಿ ಹೇಳಬೇಕು. ಗೂಗಲ್ 2024ರ ಮಾರ್ಚ್‌ನಲ್ಲಿ ತಂದ ನಿಯಮದಂತೆ, ಹುಡುಕಾಟದಲ್ಲಿ ಮೇಲೇರಲೆಂದೇ ರಾಶಿ ಹಾಕಿದ ಪುಟಗಳನ್ನು ಯಂತ್ರ ಬರೆದರೂ ಮನುಷ್ಯರು ಬರೆದರೂ ಸ್ಪ್ಯಾಮ್ ಎಂದೇ ಎಣಿಸಲಾಗುತ್ತದೆ. ಹೀಗಾಗಿ 'ಮನುಷ್ಯರೇ ಬರೆದದ್ದು' ಎಂಬ ಚೀಟಿಯೊಂದೇ ಸಾಲದು.

ಹಕ್ಕಿನ ವಿಷಯದಲ್ಲಿ ಬಾಯಿಮಾತು ನಡೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರಲ್ಲದ ಹವ್ಯಾಸಿ ಲೇಖಕರು ಬರೆದುಕೊಟ್ಟದ್ದರ ಮೊದಲ ಹಕ್ಕು ಸಾಮಾನ್ಯವಾಗಿ ಅವರದೇ. ಅದನ್ನು ವರ್ಗಾಯಿಸಲು ಸಹಿಯುಳ್ಳ ಬರಹ ಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಲೇಖಕರಿಂದ ಹಕ್ಕು ಪಡೆಯದ ಸಂಸ್ಥೆ ಅದನ್ನು ಗ್ರಾಹಕರಿಗೆ ದಾಟಿಸಲಾರದು.

ಹಣ ತಡವಾಗುವುದು ಈ ಕಸುಬಿನ ಹಳೆಯ ಕಾಯಿಲೆ. ಇದಕ್ಕೆ ಕಾನೂನಿನ ನೆರವು ಪಡೆಯಲು ಕಿರು ಉದ್ಯಮಗಳು ಸರ್ಕಾರದಲ್ಲಿ ಮಾಡಿಸಿಕೊಳ್ಳುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನೋಂದಾಯಿತ ಕಿರು ಉದ್ಯಮಕ್ಕೆ ಗ್ರಾಹಕರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಈ ಕಾನೂನನ್ನು ಬಿಲ್ಲಿನ ಅಡಿಯಲ್ಲೇ ನಮೂದಿಸುವುದು ಒಳ್ಳೆಯದು.