ಮಿಲ್ಲಿನ ದಫ್ತರವೂ ವಂಶಾವಳಿಯೇ

ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಎತ್ತನ್ನೇರಿ ಊರೂರು ಸಂಚರಿಸುತ್ತ, ತನಗೆ ಪರಂಪರೆಯಿಂದ ಬಂದ ಒಕ್ಕಲುಮನೆಗಳ ಅಂಗಳದಲ್ಲಿ ನಿಂತು, ಮೂಲಪುರುಷನು ಯಾವ ಸೀಮೆಯಿಂದ ಹೊರಟುಬಂದನು, ಅವನಿಗೆ ಮಕ್ಕಳೆಷ್ಟು, ಅವರಲ್ಲಿ ಯಾರು ಯಾವ ಊರಿನಲ್ಲಿ ನೆಲೆನಿಂತರು ಎಂಬುದನ್ನೆಲ್ಲ ಹೇಳಿ, ಕಾಳುಕಡ್ಡಿಯ ಕಾಣಿಕೆಯನ್ನು ಪಡೆದು ಮುಂದಿನ ಮನೆಗೆ ನಡೆಯುವ ಹೆಳವನನ್ನು ಕನ್ನಡನಾಡಿನ ಗ್ರಾಮೀಣರು ಚೆನ್ನಾಗಿ ಬಲ್ಲರು. ತಾಮ್ರಪಟ, ಓಲೆಗರಿ, ಈಚೆಗೆ ಕಾಗದದ ಹೊತ್ತಗೆ, ಇವುಗಳಲ್ಲಿ ಹೆಳವರು ಕಾಪಾಡಿಕೊಂಡು ಬಂದ ವಂಶಾವಳಿಗಳು ನಮ್ಮ ಸಾಮಾಜಿಕ ಚರಿತ್ರೆಯ ಬೆಲೆಯುಳ್ಳ ಆಕರಗಳು. ಗಯೆ, ಕಾಶಿ, ಹರಿದ್ವಾರಗಳ ತೀರ್ಥಪುರೋಹಿತರ ಬಳಿಯಲ್ಲಿಯೂ ಯಾತ್ರಿಕರ ಕುಲಪರಂಪರೆಯ ಪಟ್ಟಿಗಳುಂಟು. ಆದರೆ ಈ ಎರಡು ವ್ಯವಸ್ಥೆಗಳೂ ನೆಲವುಳ್ಳವನನ್ನು, ಯಾತ್ರೆಗೆ ಹೋಗಬಲ್ಲವನನ್ನು ನೆನಪಿನಲ್ಲಿಟ್ಟುವೇ ಹೊರತು, ಕೂಲಿಗಾಗಿ ಊರನ್ನು ಬಿಟ್ಟು ನಗರದ ಲೈನುಮನೆಯನ್ನು ಸೇರಿದವನನ್ನು ನೆನಪಿನಲ್ಲಿಡುವ ಹೊಣೆಯು ಅವುಗಳದಾಗಿರಲಿಲ್ಲ.

ಬೆಂಗಳೂರು ಪೇಟೆಯ ಪಶ್ಚಿಮಕ್ಕೆ, ಅರಳೆಪೇಟೆಯನ್ನು ದಾಟಿದೊಡನೆ, ಬಿನ್ನಿಪೇಟೆ, ಗೋಪಾಲಪುರ, ಮಾಗಡಿ ರಸ್ತೆಗಳ ಆಸುಪಾಸಿನಲ್ಲಿ ಹಬ್ಬಿರುವ ಓಣಿಗಳು ಅಂತಹವರು ಕಟ್ಟಿದ ಓಣಿಗಳು. 1884ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲು ಇಲ್ಲಿ ಸ್ಥಾಪಿತವಾಗಿ, ಎರಡು ವರ್ಷಗಳ ತರುವಾಯ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಒಳಪಟ್ಟು, ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟಿತು. ಕೋಲಾರ, ಚಿತ್ತೂರು, ಸೇಲಂ, ತುಮಕೂರು ಸೀಮೆಗಳಿಂದ ಬಂದ ಕನ್ನಡಿಗರು, ತೆಲುಗರು, ತಮಿಳರು, ದಖನಿ ಮಾತನಾಡುವ ಮುಸಲ್ಮಾನರು ಒಂದೇ ನಲ್ಲಿಯ ಮುಂದೆ ಕೊಡವಿಟ್ಟು, ಒಂದೇ ಸೈರನ್ನಿನ ಕೂಗಿಗೆ ಎದ್ದು, ಒಂದೇ ಗೇಟಿನಲ್ಲಿ ನುಸುಳಿ ಪಾಳಿಗೆ ಹೋದರು. ಧರ್ಮರಾಯನ ಗುಡಿಯಿಂದ ಹೊರಟ ಕರಗವು ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗುವ ಸಂಪ್ರದಾಯವನ್ನು ನಾವು ಸೌಹಾರ್ದದ ಕುರುಹೆಂದು ಪ್ರತಿ ವರ್ಷವೂ ಕೊಂಡಾಡುತ್ತೇವೆ. ಆ ಮೆರವಣಿಗೆಗಾಗಿ ಬೀದಿಯ ಇಕ್ಕೆಲಗಳಲ್ಲಿ ರಾತ್ರಿಯೆಲ್ಲ ಕಾದು ನಿಂತ ಕುಟುಂಬಗಳು ಯಾವುವು, ಎಲ್ಲಿಂದ ಬಂದುವು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಈ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರಿನವರು ಇಂದು ಓದಿ, ನೌಕರಿ ಹಿಡಿದು, ತಮ್ಮ ಮಕ್ಕಳು ಶಾಲೆಯಲ್ಲಿ ಕೊಟ್ಟ ಅಭ್ಯಾಸಕ್ಕಾಗಿ ವಂಶವೃಕ್ಷವನ್ನು ಬರೆಯಬೇಕೆಂದು ಕೇಳಿದಾಗ ಅಜ್ಜನ ಹೆಸರಿಗೆ ಬಂದು ನಿಂತುಬಿಡುತ್ತಾರೆ. 'ನಮ್ಮದೇನು ದೊಡ್ಡ ಮನೆತನವೇ, ಬರೆದಿಡುವುದಕ್ಕೆ? ನಮ್ಮ ತಾತ ಮಿಲ್ಲಿನಲ್ಲಿದ್ದರು, ಅಷ್ಟೆ' ಎಂಬ ಮಾತನ್ನು ನಾನು ಈ ಓಣಿಗಳಲ್ಲಿ ಅನೇಕರ ಬಾಯಿಂದ ಕೇಳಿದ್ದೇನೆ. ಆ ಮಾತಿನಲ್ಲಿರುವ ವಿನಯವನ್ನು ಗೌರವಿಸುತ್ತಲೇ, ಅದರಲ್ಲಡಗಿರುವ ಅಭಿಪ್ರಾಯವು ತಪ್ಪೆಂದು ಹೇಳಬೇಕಾಗಿದೆ. ಶ್ರಮಿಕನ ಬಾಳು ಬರೆಹಕ್ಕೆ ಬಾರದೆ ಹೋದುದಲ್ಲ. ಹೆಜ್ಜೆಹೆಜ್ಜೆಗೂ ಅದನ್ನು ಬರೆದಿಟ್ಟುಕೊಂಡವರಿದ್ದರು. ತಮ್ಮ ಲೆಕ್ಕಕ್ಕಾಗಿ, ತಮ್ಮ ಕಾನೂನಿಗಾಗಿ, ತಮ್ಮ ಅನುಕೂಲಕ್ಕಾಗಿ ಬರೆದುಕೊಂಡರೆಂಬುದು ನಿಜ. ಆದರೂ ಮಿಲ್ಲಿನ ಗುಮಾಸ್ತನೇ, ತನಗರಿವಿಲ್ಲದೆಯೇ, ಈ ಮನೆಗಳ ಹೆಳವನಾಗಿದ್ದನು.

1948ರ ಕಾರ್ಖಾನೆ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ವಯಸ್ಕ ಕಾರ್ಮಿಕನ ಹೆಸರನ್ನೂ ಕೆಲಸದ ಸ್ವರೂಪವನ್ನೂ ಪಾಳಿಯನ್ನೂ ಬರೆದಿಡಲೇಬೇಕಾಗಿತ್ತು. ಅದೇ ವರ್ಷದ ರಾಜ್ಯ ವಿಮಾ ಕಾಯಿದೆಯು ವಿಮೆಗೆ ಒಳಪಟ್ಟವನ ಮನೆಯವರ ವಿವರವನ್ನು ಘೋಷಣಾಪತ್ರದಲ್ಲಿ ಕೇಳಿತು. 1952ರ ಭವಿಷ್ಯನಿಧಿ ಕಾಯಿದೆಯು ಬಂದ ಮೇಲೆ, ತಾನು ಸತ್ತರೆ ಹಣವು ಯಾರಿಗೆ ಸಲ್ಲಬೇಕೆಂಬುದನ್ನು ಕಾರ್ಮಿಕನು ಬರೆದುಕೊಡಬೇಕಾಯಿತು: ಹೆಂಡತಿಯೋ, ತಾಯಿಯೋ, ಊರಿನಲ್ಲಿರುವ ತಮ್ಮನೋ. ಇವೆಲ್ಲಕ್ಕಿಂತ ಹಿಂದಿನದು 1923ರ ಪರಿಹಾರ ಕಾಯಿದೆ. ಕೆಲಸದಲ್ಲಿ ಅಪಘಾತವಾಗಿ ಒಬ್ಬನು ಸತ್ತನೆಂದರೆ ಪರಿಹಾರದ ಹಣವನ್ನು ಕಮಿಷನರರಲ್ಲಿ ಠೇವಣಿಯಿಟ್ಟು, ಅವನ ಆಶ್ರಿತರು ಯಾರು ಯಾರೆಂದು ವಿಚಾರಣೆ ನಡೆಸಿ, ಹಂಚಿಕೊಡಬೇಕಾಗಿತ್ತು. ಆ ವಿಚಾರಣೆಯ ಕಡತದಲ್ಲಿ ವಿಧವೆಯ ಹೆಸರು, ಎಳೆಯ ಮಕ್ಕಳ ವಯಸ್ಸು, ಹಳ್ಳಿಯಲ್ಲಿದ್ದ ಮುದಿ ತಂದೆತಾಯಿಗಳ ನೆಲೆ, ಎಲ್ಲವೂ ದಾಖಲಾಗುತ್ತಿದ್ದುವು. ಒಂದು ಸಾವಿನ ಹಿಂದೆ ಇಡೀ ಮನೆತನವು ಕಾಗದದ ಮೇಲೆ ಬಂದು ನಿಲ್ಲುವ ಇಂತಹ ಸಂದರ್ಭವು ದುಃಖಕರವಾದರೂ, ಮೊಮ್ಮಕ್ಕಳ ಪಾಲಿಗೆ ಅದಕ್ಕಿಂತ ಸಮೃದ್ಧವಾದ ಆಕರವು ಮತ್ತೊಂದಿರಲಾರದು.

ಆದರೆ ಈ ದಫ್ತರಗಳು ಎಲ್ಲಿವೆ? ಖಾಸಗಿ ಮಿಲ್ಲಿನ ಕಾಗದಪತ್ರಗಳು ಖಾಸಗಿ ಸ್ವತ್ತು. ಕಂಪನಿಯೊಂದು ಮುಚ್ಚಿ ವಿಸರ್ಜನೆಯಾದ ಐದು ವರ್ಷಗಳ ತರುವಾಯ, ಅದರ ಪುಸ್ತಕಗಳು ದೊರೆಯಲಿಲ್ಲವೆಂದು ಯಾರನ್ನೂ ಹೊಣೆ ಮಾಡುವಂತಿಲ್ಲವೆಂದು 2013ರ ಕಂಪನಿ ಕಾಯಿದೆಯೇ ಹೇಳುತ್ತದೆ. ಸಾಲಗಾರರ ಮತ್ತು ಷೇರುದಾರರ ದೃಷ್ಟಿಯಿಂದ ಐದು ವರ್ಷಗಳು ಸಾಕೇನೋ. ಒಂದು ಬಡಾವಣೆಯ ನೆನಪಿಗೆ ಅದು ಕಣ್ಣುಮುಚ್ಚಿ ತೆರೆಯುವ ಹೊತ್ತು. ಬಿನ್ನಿ ಮಿಲ್ಲಿನ ನೆಲದಲ್ಲಿ ಇಂದು ಬಹುಮಹಡಿ ವಸತಿಗಳೆದ್ದಿವೆ. ಸಂಪಿಗೆ ರಸ್ತೆಯ ಕೊನೆಯಲ್ಲಿದ್ದ ರಾಜಾ ಮಿಲ್ಲಿನ ನೆಲದಲ್ಲಿ ಮಾಲೊಂದು ನಿಂತಿದೆ. ನೆಲಕ್ಕೆ ಕ್ರಯಪತ್ರಗಳುಂಟು, ಅವುಗಳನ್ನು ಜೋಪಾನವಾಗಿ ಇಡುವ ಕಚೇರಿಗಳುಂಟು. ಆ ನೆಲದ ಮೇಲೆ ಮೂವತ್ತು ನಲವತ್ತು ವರ್ಷ ದುಡಿದವರ ಹಾಜರಿಪುಸ್ತಕಕ್ಕೆ ಅಂತಹ ಭಾಗ್ಯವಿಲ್ಲ.

ಮಿನರ್ವ ಮಿಲ್ಲಿನ ಸಂಗತಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. 1974ರ ರಾಷ್ಟ್ರೀಕರಣ ಕಾಯಿದೆಯಂತೆ ಕೇಂದ್ರ ಸರಕಾರದ ವಶಕ್ಕೆ ಬಂದ ಈ ಬೆಂಗಳೂರಿನ ಮಿಲ್ಲಿನ ಹೆಸರು, 1980ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ, ಸಂವಿಧಾನದ ಮೂಲ ಸ್ವರೂಪವನ್ನು ಕುರಿತ ಚರ್ಚೆಯಲ್ಲಿ ಶಾಶ್ವತವಾಗಿ ಸೇರಿಹೋಗಿದೆ. ಭಾರತದಲ್ಲಿ ಕಾನೂನನ್ನು ಓದುವ ಯಾವ ವಿದ್ಯಾರ್ಥಿಯೂ ಆ ಹೆಸರನ್ನು ಉಚ್ಚರಿಸದೆ ಪದವಿಯನ್ನು ಪಡೆಯಲಾರನು. ಅಲ್ಲಿ ನೂಲು ತೆಗೆದವರಲ್ಲಿ ಒಬ್ಬರ ಹೆಸರನ್ನಾದರೂ ಅವನು ಕೇಳಿರುವುದಿಲ್ಲ. ಖಾಸಗಿ ಮಿಲ್ಲಿಗೂ ಇದಕ್ಕೂ ವ್ಯತ್ಯಾಸವುಂಟು: ಕೇಂದ್ರ ಸರಕಾರದ ಹತೋಟಿಯಲ್ಲಿರುವ ಸಂಸ್ಥೆಗಳ ಕಡತಗಳನ್ನೂ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಒಳಗೊಳ್ಳುತ್ತದೆ. ಆದುದರಿಂದ ಮಿನರ್ವದ ಕಾರ್ಮಿಕರ ದಾಖಲೆಗಳನ್ನು ಪತ್ರಾಗಾರಕ್ಕೆ ತರಿಸಬೇಕೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಕಾಗದವಿಲ್ಲದ ಕಡೆ ಹುಡುಕುವವನಿಗೆ ದಾರಿಯೇ ಇಲ್ಲವೆಂದು ತಿಳಿಯಕೂಡದು. ಊರಿನ ಹೆಸರನ್ನು ಮರೆತ ಮನೆಯೂ ಮನೆದೇವರನ್ನು ಮರೆತಿರುವುದಿಲ್ಲ. ಮಗುವಿನ ಚೌಲಕ್ಕೆ, ಮದುವೆಯ ಮೊದಲ ಪೂಜೆಗೆ ಯಾವ ಗುಡಿಗೆ ಹೋಗುತ್ತೀರಿ ಎಂದು ಕೇಳಿದರೆ ಸಾಕು, ಸೀಮೆಯ ಸುಳಿವು ದೊರೆಯುತ್ತದೆ. ಬೆಡಗು ಯಾವುದೆಂದು ಹಿರಿಯರನ್ನು ಕೇಳಿದರೆ ಹೆಣ್ಣು ಕೊಟ್ಟು ತಂದ ವಲಯವು ಗೋಚರಿಸುತ್ತದೆ. ಹೆಸರುಗಳೂ ಮಾತನಾಡುತ್ತವೆ. ತಾತನು ತಿಪ್ಪೇಸ್ವಾಮಿಯಾದರೆ ನಾಯಕನಹಟ್ಟಿಯ ಕಡೆಗೂ, ಮಾದೇಶನಾದರೆ ಮಲೆ ಮಹದೇಶ್ವರನ ಬೆಟ್ಟದ ಕಡೆಗೂ, ನಂಜುಂಡನಾದರೆ ಕಪಿಲೆಯ ತೀರದ ಕಡೆಗೂ ಮೊದಲು ದೃಷ್ಟಿ ಹಾಯಿಸುವುದು ಯುಕ್ತ. ತಿಪ್ಪೆಯ ಹೆಸರಿನಲ್ಲಿ ಮತ್ತೊಂದು ಅರ್ಥವೂ ಅಡಗಿರಬಹುದು: ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣು ಬೀಳದಿರಲೆಂದು ಮುಂದಿನ ಕೂಸಿಗೆ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ರೂಢಿಯಿತ್ತು. ಅಂತಹ ಹೆಸರನ್ನು ಕಂಡಾಗ, ಪಟ್ಟಿಯಲ್ಲಿಲ್ಲದ ಅಣ್ಣ ಅಕ್ಕಂದಿರು ಇದ್ದಿರಬಹುದೆಂಬುದನ್ನು ಸಂಶೋಧಕನು ನೆನೆಯಬೇಕು.

ಇದ್ದವರು ಮರೆಯಾದುದಕ್ಕೆ ಮತ್ತೊಂದು ಭಯಾನಕ ಕಾರಣ ಪ್ಲೇಗು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಈ ಮಾರಿಯು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿತು. 1891ರ ಜನಗಣತಿಯಲ್ಲಿ 80,285 ಇದ್ದ ನಗರಭಾಗದ ಜನಸಂಖ್ಯೆಯು 1901ರಲ್ಲಿ 69,447ಕ್ಕೆ ಇಳಿಯಿತು. ಸತ್ತವರೂ ಓಡಿಹೋದವರೂ ಇದರಲ್ಲಿ ಸೇರಿದ್ದಾರೆ. ಅನುಕೂಲಸ್ಥರಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದ ಕಥೆಯು ಪಠ್ಯಪುಸ್ತಕವನ್ನು ಸೇರಿದೆ. ಪಶ್ಚಿಮದ ಓಣಿಗಳ ಮನೆಗಳಲ್ಲಿ ಆ ಪ್ಲೇಗು 'ಆ ಕಾಲದಲ್ಲಿ ಒಬ್ಬ ಮುತ್ತಜ್ಜಿ ಮಾತ್ರ ಉಳಿದಳಂತೆ' ಎಂಬ ಒಂದು ವಾಕ್ಯವಾಗಿ ಉಳಿದಿದೆ. ಅದೇ ಕಾಲದಲ್ಲಿ, ಪೂರ್ವದ ದಂಡಿನ ಪ್ರದೇಶದಲ್ಲಿ ಹುಟ್ಟಿದ ಬಿಳಿಯ ಸಿಪಾಯಿಯ ಮಗುವಿನ ದೀಕ್ಷಾಸ್ನಾನದ ದಾಖಲೆಯ ಪ್ರತಿಯು ಲಂಡನ್ನಿಗೆ ಹೋಗಿ, ಇಂದಿಗೂ ಹುಡುಕಿದವರಿಗೆ ಸಿಗುತ್ತದೆ. ಒಂದೇ ನಗರ, ಒಂದೇ ಹವೆ, ಕೆಲವೇ ಮೈಲುಗಳ ಅಂತರ. ನೆನಪಿನಲ್ಲಿ ಮಾತ್ರ ಎಂತಹ ತಾರತಮ್ಯ!

ಹೆಂಗಸರ ವಿಷಯದಲ್ಲಿ ತಾರತಮ್ಯವು ಇನ್ನೂ ಆಳವಾದುದು. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯ ವೇಳೆಗೆ, ತಮ್ಮ ಸ್ವಂತ ಹೆಸರನ್ನು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಬಹುಪಾಲು ಉತ್ತರದ ಪ್ರಾಂತಗಳವರು. ಆದರೂ ಆ ಮನೋಭಾವವು ನಮ್ಮಲ್ಲಿಲ್ಲವೆನ್ನುವಂತಿಲ್ಲ. ಈ ಓಣಿಗಳ ಅಜ್ಜಿಯರು ಬೀಡಿ ಕಟ್ಟಿದರು, ಊದುಬತ್ತಿ ಹೊಸೆದರು, ಬೇರೆಯವರ ಮನೆಯ ಮುಸುರೆ ತಿಕ್ಕಿದರು. ಹಾಜರಿಪುಸ್ತಕವಿಲ್ಲದ ಈ ದುಡಿಮೆಯು ಗಂಡನ ಭವಿಷ್ಯನಿಧಿಯ ಕಾಗದದಲ್ಲಿ 'ಪತ್ನಿ' ಎಂಬ ಒಂದು ಪದವಾಗಿ ಕಾಣುತ್ತದೆ. ಆದುದರಿಂದ ಮನೆತನವನ್ನು ಅರಸಹೊರಟವನು ತಾತನಿಂದಲ್ಲ, ಅಜ್ಜಿಯ ತವರಿನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಜ್ಜಿಗೆ ತಾಯಿಯ ಹೆಸರೂ ತಾಯಿಯ ತಾಯಿಯ ಹೆಸರೂ ಬಾಯಿಗೆ ಬರುತ್ತವೆ. ಅವಳನ್ನು ಕೇಳುವವರಿಲ್ಲದಿರುವುದೇ ಕೊರತೆ.

ಇದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಎರಡು ಉದಾಹರಣೆಗಳನ್ನು ಕೊಡಬಹುದು. 1982ರ ಮುಷ್ಕರದ ತರುವಾಯ ಮುಂಬಯಿಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿ, ಅವುಗಳ ನೆಲದ ಒಂದು ಭಾಗದಲ್ಲಿ ಕಾರ್ಮಿಕರಿಗೂ ಅವರ ವಾರಸುದಾರರಿಗೂ ಮನೆಗಳನ್ನು ಕೊಡುವ ಏರ್ಪಾಡಾದಾಗ, ತಂದೆಯು ಮಿಲ್ಲಿನಲ್ಲಿದ್ದನೆಂಬುದನ್ನು ಮಕ್ಕಳು ಹಳೆಯ ಟಿಕೆಟ್ಟು, ಹಾಜರಿ ಚೀಟಿ, ವಿಮೆಯ ಕಾಗದಗಳಿಂದ ರುಜುವಾತುಪಡಿಸಬೇಕಾಯಿತು. ಪೆಟ್ಟಿಗೆಯ ತಳದಲ್ಲಿ ಚೀಟಿಯನ್ನು ಉಳಿಸಿಕೊಂಡಿದ್ದವನಿಗೆ ವಂಶಚರಿತ್ರೆಯೇ ಸೂರಿನ ದಾರಿಯಾಯಿತು. ಇನ್ನೊಂದು, ದೇಹದ ಸಂಗತಿ. 'ತಾತನಿಗೆ ಉಬ್ಬಸವಿತ್ತು' ಎಂದು ಈ ಮನೆಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಬಿಸ್ಸಿನೋಸಿಸ್ ಎಂಬ ರೋಗವನ್ನು ಕಾರ್ಖಾನೆ ಕಾಯಿದೆಯೇ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ತಾತನು ಯಾವ ಖಾತೆಯಲ್ಲಿ ಕೆಲಸ ಮಾಡಿದನೆಂಬುದು ತಿಳಿದರೆ, ಆ ಉಬ್ಬಸವು ಮನೆತನದ ಪ್ರಾರಬ್ಧವೋ ಮಿಲ್ಲಿನ ಕೊಡುಗೆಯೋ ಎಂಬುದನ್ನು ವಿಚಾರಿಸಲು ಒಂದು ಆಧಾರ ದೊರೆಯುತ್ತದೆ. 1969ರ ಜನನ ಮರಣ ನೋಂದಣಿ ಕಾಯಿದೆಯು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಂದಣಿ ಪುಸ್ತಕವನ್ನು ಹುಡುಕಿಸಿ ನಕಲು ಪಡೆಯಬಹುದೆಂದಿದೆ. ಮರಣದ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತಿಳಿಸುವಂತಿಲ್ಲ.

ಒಂದು ಎಚ್ಚರಿಕೆಯೂ ಅವಶ್ಯ. ಕೆಲವರು ನಗರಕ್ಕೆ ಬಂದುದೇ ಊರಿನ ಜಾತಿಯ ಹೆಸರನ್ನು ಕಳಚಿಡುವುದಕ್ಕಾಗಿ. ಬಾವಿಯಲ್ಲಿ ನೀರು ಸೇದಗೊಡದ ಊರನ್ನು ಬಿಟ್ಟು, ಎಲ್ಲರಿಗೂ ಒಂದೊಂದು ಟಿಕೆಟ್ ನಂಬರು ಕೊಡುವ ಗೇಟಿಗೆ ಬಂದವನು ತನ್ನ ಮಕ್ಕಳಿಗೆ ಊರಿನ ಹೆಸರನ್ನು ಹೇಳದೆ ಹೋದನೆಂದರೆ, ಅದು ಮರೆವಲ್ಲ, ನಿರ್ಧಾರ. ಅಂತಹ ಮೌನವನ್ನು ಮುರಿಯುವ ಅಧಿಕಾರವು ಆ ಮನೆಯವರದು ಮಾತ್ರ. ಹೊರಗಿನ ಕುತೂಹಲಿಯು ಅಲ್ಲಿ ಪುಸ್ತಕವನ್ನು ಮುಚ್ಚಿಡುವುದೇ ಸಭ್ಯತೆ.

ಈ ಕಾರ್ಯವನ್ನು ಮುಂದಿನ ದಶಕಕ್ಕೆ ಬಿಡುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆಯು ಐದು ನಗರಪಾಲಿಕೆಗಳಾಗಿ ವಿಭಾಗವಾಯಿತು. ಆಡಳಿತವು ಒಡೆದಾಗ ಕಡತಗಳು ಕಟ್ಟಡದಿಂದ ಕಟ್ಟಡಕ್ಕೆ ಸಾಗುತ್ತವೆ, ಸಾಗುವಾಗ ಕಳೆಯುತ್ತವೆ. ಹಳೆಯ ಜನನ ಮರಣದ ಪುಸ್ತಕ, ಕಂದಾಯದ ಖಾತೆ, ಕೊಳಚೆಪ್ರದೇಶದ ಸಮೀಕ್ಷೆಗಳಿಗೆ ಈಗಿರುವುದು ಅಪಾಯದ ಕಾಲ. ಐದೂ ಪಾಲಿಕೆಗಳು ತಮ್ಮಲ್ಲಿರುವ ಹಳೆಯ ಪುಸ್ತಕಗಳ ಪಟ್ಟಿಯೊಂದನ್ನು ಮೊದಲು ಪ್ರಕಟಿಸಲಿ. ಅರಳೆಪೇಟೆ, ಬಿನ್ನಿಪೇಟೆ, ಮಾಗಡಿ ರಸ್ತೆಗಳ ಸರಕಾರಿ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಮಗುವಿನ ಹೆಸರಿನೊಡನೆ ತಂದೆಯ ಹೆಸರು, ಜಾತಿ, ಜನ್ಮದಿನಗಳು ಕೂಡಿ ಬಂದಿರುವುದರಿಂದ, ಶಾಲೆಯನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಸಂದರ್ಭದಲ್ಲಿ ಆ ಪುಸ್ತಕವು ರದ್ದಿಯವನ ತಕ್ಕಡಿಗೆ ಬೀಳದೆ ರಾಜ್ಯ ಪತ್ರಾಗಾರವನ್ನು ಸೇರಬೇಕೆಂದು ಶಿಕ್ಷಣ ಇಲಾಖೆಯು ಒಂದು ಆಜ್ಞೆಯನ್ನು ಹೊರಡಿಸಲಿ. ಮಿಲ್ಲುಗಳ ಆಸ್ತಿಯು ಕೈಬದಲಾಗುವ ಪ್ರತಿಯೊಂದು ಸಂದರ್ಭದಲ್ಲಿಯೂ ಕಾರ್ಮಿಕರ ದಫ್ತರವನ್ನು ಪತ್ರಾಗಾರಕ್ಕೆ ಒಪ್ಪಿಸಿದ ರಸೀತಿಯಿಲ್ಲದೆ ನಕ್ಷೆಗೆ ಮಂಜೂರಾತಿ ಕೊಡಕೂಡದೆಂಬ ನಿಯಮವನ್ನೂ ಮಾಡಬಹುದು. ಕಟ್ಟುವವರಿಗೆ ಇದರಿಂದ ತಗಲುವ ಖರ್ಚು ಒಂದು ಲಾರಿಯ ಬಾಡಿಗೆಯಷ್ಟೆ.