ಕಾಯಕದ ಲೆಕ್ಕವೂ ಮನೆಯ ಭೋಗವೂ

ಕಳ್ಳತನವು ಕನ್ನ ಕೊರೆದೇ ನಡೆಯಬೇಕೆಂಬ ನಿಯಮವಿಲ್ಲ. ಲೇಖನಿಯ ಒಂದು ಗೆರೆಯಿಂದಲೂ ಅದು ನಡೆಯುತ್ತದೆ. ಹಾಗೆ ನಡೆದಾಗ ಅದಕ್ಕೆ ಜಾಣತನವೆಂಬ ಗೌರವದ ಹೆಸರೂ ದೊರೆಯುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿ ಸಣ್ಣ ಕಂಪನಿಗಳನ್ನು ಕಟ್ಟಿ ನಡೆಸುತ್ತಿರುವ ಭಕ್ತ ಬಂಧುಗಳೂ ಶ್ರೀಮಠದ ಹಳೆಯ ವಿದ್ಯಾರ್ಥಿಗಳೂ ಈ ಮಾತನ್ನು ಒಂದು ಕ್ಷಣ ನಿಂತು ಆಲಿಸಬೇಕು.

ಮನೆಗೆ ದೊಡ್ಡದೊಂದು ಟಿ.ವಿ. ಬೇಕು, ಬಿಲ್ಲು ಕಂಪನಿಯ ಹೆಸರಿನಲ್ಲಿ. ಮಗಳ ಹುಟ್ಟುಹಬ್ಬಕ್ಕೆ ಹೊಸ ಫೋನು ಬೇಕು. ಬಿಲ್ಲು ಕಂಪನಿಯ ಹೆಸರಿನಲ್ಲಿ. ಕಂಪನಿಯ ಜಿ.ಎಸ್.ಟಿ. ಸಂಖ್ಯೆಯನ್ನು ಅಂಗಡಿಯವನಿಗೆ ಹೇಳಿದರಾಯಿತು, ಮನೆಯ ಭೋಗವು ವ್ಯಾಪಾರದ ಸಾಧನವಾಗಿ ಪರಿವರ್ತನೆ ಹೊಂದುತ್ತದೆ! ಇದು ಸರಿಯೇ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಕಂಪನಿ ನಮ್ಮದೇ ಅಲ್ಲವೇ?"

ಓದುಗ ಬಂಧುಗಳೇ, ಈ ಉತ್ತರವನ್ನೇ ಪರೀಕ್ಷಿಸಿ ನೋಡೋಣ. ಕಂಪನಿಯು ತನ್ನನ್ನು ಕಟ್ಟಿದವನಿಂದ ಬೇರೆಯಾದ ವ್ಯಕ್ತಿಯೆಂದು ಕಾನೂನು ಎಣಿಸುತ್ತದೆ. ೨೦೧೩ರ ಕಂಪನಿ ಕಾಯಿದೆಯು ಒಬ್ಬನೇ ಸದಸ್ಯನಿರುವ ಕಂಪನಿಗೂ ಅವಕಾಶ ಕೊಟ್ಟಿತು. ಅಲ್ಲಿಯೂ ಆ ಒಬ್ಬನು ಬೇರೆ, ಕಂಪನಿ ಬೇರೆ. ಈ ಭೇದದ ಲಾಭವನ್ನು ನೀವೇ ಬಯಸಿ ಪಡೆದಿರಿ. ವ್ಯಾಪಾರ ಮುಳುಗಿ ಸಾಲಗಾರರು ಬಾಗಿಲಿಗೆ ಬಂದಾಗ "ಸಾಲ ಕಂಪನಿಯದು, ಮನೆ ನನ್ನದು" ಎಂದು ಹೇಳುವ ರಕ್ಷಣೆ ನಿಮಗುಂಟು. ಸಾಲ ಬಂದಾಗ ಕಂಪನಿ ಪರರದು, ಟಿ.ವಿ. ಬಂದಾಗ ಕಂಪನಿ ನಮ್ಮದು! ಒಂದೇ ನಾಲಗೆಯಿಂದ ಈ ಎರಡು ಮಾತುಗಳು ಹೇಗೆ ಹೊರಟಾವು?

ಇನ್ನು ಕಾಯಿದೆಯ ಮಾತು. ೧೯೬೧ರ ಆದಾಯ ತೆರಿಗೆ ಕಾಯಿದೆಯ ೩೭ನೆಯ ಕಲಮು ವ್ಯಾಪಾರದ ಉದ್ದೇಶಕ್ಕಾಗಿಯೇ, ಸಂಪೂರ್ಣವಾಗಿ ಅದಕ್ಕಾಗಿಯೇ ಮಾಡಿದ ವೆಚ್ಚವನ್ನು ಮಾತ್ರ ಒಪ್ಪಿತು. ಸ್ವಂತದ ಖರ್ಚನ್ನು ಹೊರಗಿಟ್ಟಿತು. ಅರ್ಧ ವ್ಯಾಪಾರಕ್ಕೆ, ಅರ್ಧ ಮನೆಗೆ ಬಳಸುವ ವಸ್ತುವಾದರೆ ಸವಕಳಿಯನ್ನು ಬಳಕೆಯ ಪ್ರಮಾಣಕ್ಕೆ ತಕ್ಕಷ್ಟೇ ಕೊಡಬೇಕೆಂದು ೩೮ನೆಯ ಕಲಮು ವಿಧಿಸಿತು. ೨೦೨೫ರಲ್ಲಿ ಅಂಗೀಕೃತವಾಗಿ ೨೦೨೬ರ ಏಪ್ರಿಲ್ ೧ರಿಂದ ಜಾರಿಯೆಂದು ಗೊತ್ತಾದ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ತತ್ತ್ವ ಬದಲಾಗಲಿಲ್ಲ. ೨೦೧೭ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯೂ ತನ್ನ ೧೭ನೆಯ ಕಲಮಿನಲ್ಲಿ, ಸ್ವಂತ ಉಪಭೋಗಕ್ಕೆ ಬಳಸಿದ ಸರಕಿನ ಮೇಲೆ ತೆರಿಗೆ ಜಮೆ ದೊರೆಯದೆಂದು ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ ಪಂಡಿತನೊಬ್ಬ ಎದ್ದು ನಿಲ್ಲುತ್ತಾನೆ. "ಕಂಪನಿಗೆ ದೇಹವಿಲ್ಲ, ದೇಹವಿಲ್ಲದ್ದಕ್ಕೆ ಸ್ವಂತದ ಸುಖವೆಲ್ಲಿ? ಗುಜರಾತ್ ಉಚ್ಚ ನ್ಯಾಯಾಲಯವೇ ಹಾಗೆ ಹೇಳಿಲ್ಲವೇ?" ಹೇಳಿರುವುದು ನಿಜ. ೨೦೦೧ರ ಸಯಾಜಿ ಐರನ್ ಪ್ರಕರಣದಲ್ಲಿ, ನಿರ್ದೇಶಕರು ಬಳಸಿದ ಕಾರಿನ ವೆಚ್ಚವನ್ನು ಕಂಪನಿಯ ಸ್ವಂತ ಖರ್ಚೆಂದು ತಳ್ಳಿಹಾಕಲಾಗದೆಂದು ನ್ಯಾಯಾಲಯ ತೀರ್ಮಾನಿಸಿತು. ಆದರೆ ಪಂಡಿತನು ತೀರ್ಪಿನ ಉಳಿದರ್ಧವನ್ನು ನುಂಗಿಬಿಡುತ್ತಾನೆ. ಆ ಸೌಲಭ್ಯವು ನಿರ್ದೇಶಕನ ಸಂಭಾವನೆಯ ಭಾಗ. ಆದುದರಿಂದ ಅದನ್ನು ಅವನ ಕೈಯಲ್ಲಿ ಪರ್ಕ್ವಿಸಿಟ್ ಎಂದು ಲೆಕ್ಕ ಹಿಡಿಯಬೇಕು ಎಂಬುದೇ ಅದರ ತಿರುಳು. ಬಹಿರಂಗವಾಗಿ ಕೊಟ್ಟು ಬಹಿರಂಗವಾಗಿ ಬರೆದುದಕ್ಕೆ ಆ ತೀರ್ಪು ಆಸರೆಯಾದೀತು. ಗುಟ್ಟಾಗಿ ಒಯ್ದು ಕಛೇರಿಯ ಸಾಮಾನೆಂದು ಬರೆದುದಕ್ಕಲ್ಲ.

ಲಾಭವಾದರೂ ಎಷ್ಟೆಂದು ಎಣಿಸಿ ನೋಡಿ. ಒಂದು ಲಕ್ಷ ರೂಪಾಯಿಯ ಫೋನಿಗೆ ಶೇಕಡಾ ೧೮ರಂತೆ ತೆರಿಗೆ ೧೮,೦೦೦ ರೂಪಾಯಿ. ಅದನ್ನು ಜಮೆಯಾಗಿ ಪಡೆಯುವುದು ಮೊದಲ ಲಾಭ. ಬೆಲೆಯಷ್ಟನ್ನೂ ಒಂದೇ ವರ್ಷ ಖರ್ಚು ಹಾಕಬಹುದೆಂಬುದು ಭ್ರಮೆ. ಸವಕಳಿ ಶೇಕಡಾ ೧೫ರಂತೆ, ಅಂದರೆ ಮೊದಲ ವರ್ಷ ೧೫,೦೦೦. ಶೇಕಡಾ ೨೨ರ ದರವನ್ನು ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜು, ಸೆಸ್ಸು ಸೇರಿ ಬೀಳುವ ತೆರಿಗೆ ಶೇಕಡಾ ೨೫.೧೬೮. ಆ ಲೆಕ್ಕದಲ್ಲಿ ಉಳಿಯುವುದು ಸುಮಾರು ೩,೭೭೫ ರೂಪಾಯಿ. ಎರಡೂ ಸೇರಿ ೨೧,೭೭೫. ಒಬ್ಬ ಗೃಹಸ್ಥನ ಸಹಿಯ ಬೆಲೆ ಇಷ್ಟೇ ಏನು? ರಾಜ್ಯದೊಳಗೇ ಕೊಂಡ ಸರಕಾದರೆ ಆ ೧೮,೦೦೦ದಲ್ಲಿ ಅರ್ಧ ಕರ್ನಾಟಕದ ಪಾಲು ಎಂಬುದನ್ನೂ ನೆನೆಯಿರಿ. ಸುಳ್ಳು ನಮೂದು ಸಿಕ್ಕಿಬಿದ್ದರೆ, ಮರೆಸಿದ ಆದಾಯದ ತೆರಿಗೆಯ ಶೇಕಡಾ ೨೦೦ರಷ್ಟು ದಂಡವನ್ನು ೧೯೬೧ರ ಕಾಯಿದೆಯ ೨೭೦ಎ ಕಲಮು ವಿಧಿಸಿತ್ತು. ಆದರೆ ದಂಡದ ಭಯದಿಂದ ಹುಟ್ಟುವ ಪ್ರಾಮಾಣಿಕತೆ ದಂಡ ತಪ್ಪಿದೊಡನೆಯೇ ಸಾಯುತ್ತದೆ. ಆದುದರಿಂದ ಆ ಮಾತನ್ನು ಬೆಳೆಸುವುದಿಲ್ಲ.

"ಎಲ್ಲರೂ ಮಾಡುತ್ತಾರೆ, ಸರ್ಕಾರವೂ ಪೋಲು ಮಾಡುತ್ತದೆ" ಎನ್ನುವವರುಂಟು. ಸರ್ಕಾರದ ಪೋಲನ್ನು ಪ್ರಶ್ನಿಸಲು ಮತವಿದೆ, ಸಭೆಯಿದೆ, ಪತ್ರಿಕೆಯಿದೆ. ಊರಿನ ಕೆರೆಯ ಕಟ್ಟೆ ಸೋರುತ್ತಿದೆಯೆಂದು ನಾವೂ ಒಂದು ತೂತು ಕೊರೆಯುವುದು ಯಾವ ನ್ಯಾಯ? ಎಲ್ಲರೂ ಮಾಡುವುದಿಲ್ಲವೆಂಬುದಕ್ಕೆ ನಿಮ್ಮ ಕಂಪನಿಯ ಗುಮಾಸ್ತನೇ ಸಾಕ್ಷಿ. ಅವನು ತನ್ನ ಮನೆಯ ಟಿ.ವಿ.ಯನ್ನು ತೆರಿಗೆ ಕಳೆದು ಕೈಗೆ ಬಂದ ಸಂಬಳದಿಂದಲೇ ಕೊಳ್ಳುತ್ತಾನೆ. ನಿಮ್ಮ ಸುಳ್ಳು ಬಿಲ್ಲನ್ನು ಪುಸ್ತಕಕ್ಕೆ ಏರಿಸುವವನೂ ಅವನೇ. ನಾಳೆ ಅವನೇ ಹತ್ತು ರೂಪಾಯಿ ತಪ್ಪಾಗಿ ಬರೆದರೆ ಗದರಿಸುವ ಬಾಯಿ ನಿಮಗೆಲ್ಲಿ ಉಳಿದೀತು?

ನೀವು ನಿಂತಿರುವ ನೆಲವನ್ನೂ ನೆನೆಯಿರಿ. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಗಿ ಬೆಳೆಯಿತು. ೧೯೨೫ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಅದೇ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್. ೧೯೨೮ರಲ್ಲಿ ಮೊದಲಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಹಣ ಸಂಗ್ರಹವಾಯಿತು. ಬಡವರು ಆ ಎರಡಾಣೆಯನ್ನು ಕೊಟ್ಟುದು ಬರೆದುಕೊಳ್ಳುವವನ ಪುಸ್ತಕವನ್ನು ನಂಬಿ. ೨೦೨೦ರ ಏಪ್ರಿಲ್ ೧ರಂದು ಒಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಇನ್ನೊಂದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾಗಿ ಹೆಸರುಗಳು ಅಳಿದುವು. ಸರಿಯಾಗಿ ಬರೆದ ಎರಡಾಣೆಯಿಂದ ಮೇಲೆದ್ದ ನಾಡಿನಲ್ಲಿ ತಪ್ಪಾಗಿ ಬರೆದ ಲಕ್ಷದಿಂದ ದೊಡ್ಡವರಾಗಬಯಸುವುದು ನಾಚಿಕೆಯ ಸಂಗತಿ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಆಯ್ದಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಿಮಗೆ ಹೊಸದಲ್ಲ. ಅದು ಕದ್ದ ಅಕ್ಕಿಯಾಗಿರಲಿಲ್ಲ. ಬರಿದೆ ಹೆಚ್ಚಾದ ಅಕ್ಕಿ. ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕೇ? ಸುಳ್ಳು ಬಿಲ್ಲಿನಿಂದ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಮಠಕ್ಕೆ ಅರ್ಪಿಸಿದರೆ ಅದು ದಾಸೋಹವಾಗುವುದಿಲ್ಲ. ಕಾಯಕ ಶುದ್ಧವಾಗದೆ ದಾಸೋಹ ಶುದ್ಧವಾಗದು.

ವ್ಯಾಪಾರಕ್ಕೆ ನಿಜವಾಗಿ ಬೇಕಾದುದನ್ನು ಕೊಳ್ಳಬೇಡಿರೆಂದು ಯಾರೂ ಹೇಳುವುದಿಲ್ಲ. ಕಾಪುವಿನಲ್ಲಿ ಮದುವೆಗಳ ಚಿತ್ರ ತೆಗೆದು ಬಾಳುವವನಿಗೆ ಕ್ಯಾಮರಾ ಕಾಯಕದ ಸಾಧನ. ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸ ಮಾಡುವವನಿಗೆ ಲ್ಯಾಪ್‌ಟಾಪ್ ನೇಗಿಲಿದ್ದಂತೆ. ಅದರ ಪೂರ್ಣ ಸವಕಳಿಯನ್ನು ತಲೆಯೆತ್ತಿ ಕೇಳಿರಿ. ಎರಡಕ್ಕೂ ಬಳಸುವ ವಸ್ತುವಾದರೆ ಪ್ರಮಾಣವನ್ನು ಪ್ರಾಮಾಣಿಕವಾಗಿ ಬರೆಯಿರಿ. ಕಂಪನಿಯಿಂದಲೇ ಮನೆಗೆ ಸೌಲಭ್ಯ ಬೇಕಿದ್ದರೆ ನಿರ್ಣಯ ಮಾಡಿ, ಸಂಭಾವನೆಯಲ್ಲಿ ತೋರಿಸಿ, ಅದರ ತೆರಿಗೆ ಸಲ್ಲಿಸಿ ಪಡೆಯಿರಿ. ಉಳಿದುದನ್ನು ನಿಮ್ಮ ಸಂಬಳದಿಂದ ಕೊಳ್ಳಿರಿ.

ಈ ವರ್ಷದ ಲೆಕ್ಕ ಮುಗಿಯುವ ಮುನ್ನ ಪುಸ್ತಕವನ್ನು ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಕಛೇರಿಯ ಸಾಮಾನೆಂದು ಬರೆದುದು ಕಛೇರಿಯಲ್ಲಿದೆಯೇ? ಇಲ್ಲವಾದರೆ ನಮೂದನ್ನು ತಿದ್ದಿ, ಪಡೆದ ಜಮೆಯನ್ನು ಹಿಂದಿರುಗಿಸಿರಿ. ಆ ಕೆಲಸವನ್ನು ಅಧಿಕಾರಿ ಬಂದು ಮಾಡಿಸುವುದಕ್ಕಿಂತ ನೀವೇ ಮಾಡುವುದು ಲೇಸು.